ಪ್ರಾಣಿಗಳ ಪಂಚಾಂಗ: ಹಗಲಿನ ಉದ್ದ, ಇರುಳಿನ ಅಳತೆ

ಪ್ರಾಣಿಗಳಿಗೆ ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರ್ ಇಲ್ಲ. ತಿಥಿ ನಕ್ಷತ್ರ ನೋಡಿ ಹೇಳುವ ಪುರೋಹಿತರೂ ಇಲ್ಲ. ಆದರೂ ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ಮೇಯುವ ಕುರಿ ಪ್ರತಿವರ್ಷವೂ ಶರತ್ಕಾಲದಲ್ಲಿಯೇ ಬೆದೆಗೆ ಬರುತ್ತದೆ. ಐದು ತಿಂಗಳು ಗರ್ಭ ಹೊತ್ತು, ಹಿಮ ಕರಗಿ ಹೊಸ ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ ಮರಿ ಹಾಕುತ್ತದೆ. ಎರಡು ತಿಂಗಳು ಮೊದಲೇ ಹುಟ್ಟಿದ ಮರಿ ಚಳಿಗೆ ಸಿಕ್ಕಿ ಸಾಯುತ್ತದೆ. ಎರಡು ತಿಂಗಳು ತಡವಾಗಿ ಹುಟ್ಟಿದ ಮರಿ ಮುಂದಿನ ಚಳಿಗಾಲದೊಳಗೆ ಸಾಕಷ್ಟು ಬಲಿಯುವುದಿಲ್ಲ. ಹೀಗೆ ಮರಿಯ ಅಳಿವು ಉಳಿವು ತಾಯಿ ಗರ್ಭ ಧರಿಸಿದ ದಿನಕ್ಕೆ ಅಂಟಿಕೊಂಡಿದೆ. ಆದರೆ ಬೆದೆಗೆ ಬರುವ ಕಾಲದಲ್ಲಿ ವಸಂತದ ಸುಳಿವು ಎಲ್ಲಿಯೂ ಇರುವುದಿಲ್ಲ. ಐದು ತಿಂಗಳ ಮುಂದಿನ ಹುಲ್ಲನ್ನು ಕುರಿ ಲೆಕ್ಕ ಹಾಕುವುದಾದರೂ ಹೇಗೆ?

ಈ ಪ್ರಶ್ನೆಗೆ ವಿಜ್ಞಾನ ಕಂಡುಕೊಂಡ ಉತ್ತರ ಸರಳವಾಗಿದೆ. ಕುರಿ ಹುಲ್ಲನ್ನು ನೋಡುವುದಿಲ್ಲ, ಚಳಿಯನ್ನೂ ಅಳೆಯುವುದಿಲ್ಲ. ರಾತ್ರಿಯ ಉದ್ದವನ್ನು ಅಳೆಯುತ್ತದೆ. ಕುರಿಯಷ್ಟೇ ಅಲ್ಲ, ಕುದುರೆ, ಜಿಂಕೆ, ಹ್ಯಾಮ್‌ಸ್ಟರ್ ಹಾಗೂ ಅಸಂಖ್ಯ ಹಕ್ಕಿಗಳು ನಂಬಿರುವ ಪಂಚಾಂಗ ಇದೇ. ಲಕ್ಷಾಂತರ ವರ್ಷಗಳಿಂದ ಒಂದು ದಿನವೂ ತಪ್ಪದ ಈ ಪಂಚಾಂಗ ಈಗ ಎರಡು ಕಡೆಯಿಂದ ತೊಂದರೆಗೆ ಸಿಲುಕಿದೆ. ಒಂದು, ಭೂಮಿಯ ತಾಪ ಏರುತ್ತಿರುವುದು. ಇನ್ನೊಂದು, ನಮ್ಮ ನಗರಗಳ ದೀಪ.

ಎಡ್ಮಂಟನ್ನಿನ ಪಂಜರ

ಕಥೆ ಆರಂಭವಾಗುವುದು ಕೆನಡಾದ ಎಡ್ಮಂಟನ್ ನಗರದಲ್ಲಿ. ಅಲ್ಲಿ ಜೂನ್ ತಿಂಗಳ ಹಗಲು ಸುಮಾರು 17 ಗಂಟೆಗಳಷ್ಟು ಉದ್ದ. ಡಿಸೆಂಬರಿನಲ್ಲಿ ಅದು ಏಳೂವರೆ ಗಂಟೆಗೆ ಕುಗ್ಗುತ್ತದೆ. ಆಲ್ಬರ್ಟಾ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ವಿಲಿಯಂ ರೋವನ್ ಅವರಿಗೆ ವಲಸೆ ಹಕ್ಕಿಗಳ ಒಗಟು ಕಾಡುತ್ತಿತ್ತು. ಪ್ರತಿವರ್ಷ ಅದೇ ದಿನಗಳಲ್ಲಿ ಹೊರಟು ಅದೇ ದಿನಗಳಲ್ಲಿ ಮರಳುವ ಹಕ್ಕಿಗಳಿಗೆ ಸೂಚನೆ ಕೊಡುವವರು ಯಾರು? ಚಳಿ ಎನ್ನೋಣವೆಂದರೆ ಒಂದು ವರ್ಷ ಬೇಗ, ಇನ್ನೊಂದು ವರ್ಷ ತಡ. ಆಹಾರವೂ ಹಾಗೆಯೇ. ವರ್ಷದಿಂದ ವರ್ಷಕ್ಕೆ ಕೂದಲೆಳೆಯಷ್ಟೂ ಬದಲಾಗದ ಸಂಗತಿ ಒಂದೇ: ಹಗಲಿನ ಉದ್ದ.

1924ರ ಶರತ್ಕಾಲದಲ್ಲಿ ರೋವನ್ ಅವರು ಜಂಕೋ ಎಂಬ ಗುಬ್ಬಚ್ಚಿ ಗಾತ್ರದ ಹಕ್ಕಿಗಳನ್ನು ಹಿಡಿದು ತೆರೆದ ಪಂಜರಗಳಲ್ಲಿ ಇಟ್ಟರು. ಒಂದು ಪಂಜರಕ್ಕೆ ವಿದ್ಯುತ್ ದೀಪ ಅಳವಡಿಸಿ, ಸಂಜೆಯ ಬೆಳಕನ್ನು ದಿನಕ್ಕೆ ಕೆಲವು ನಿಮಿಷಗಳಷ್ಟು ಹಿಗ್ಗಿಸುತ್ತ ಹೋದರು. ಇನ್ನೊಂದು ಪಂಜರಕ್ಕೆ ನಿಸರ್ಗದ ಬೆಳಕು ಮಾತ್ರ. ಎರಡಕ್ಕೂ ಕೆನಡಾದ ಕೊರೆಯುವ ಚಳಿ ಒಂದೇ. ನಡುಚಳಿಗಾಲದಲ್ಲಿ ಪರೀಕ್ಷಿಸಿದಾಗ, ದೀಪವಿಲ್ಲದ ಪಂಜರದ ಗಂಡು ಹಕ್ಕಿಗಳ ವೃಷಣಗಳು ಚಳಿಗಾಲದಲ್ಲಿ ಇರಬೇಕಾದಂತೆ ಸೂಜಿಯ ತಲೆಯಷ್ಟು ಚಿಕ್ಕದಾಗಿದ್ದವು. ದೀಪವಿದ್ದ ಪಂಜರದ ಹಕ್ಕಿಗಳಲ್ಲಿ ಅವು ವಸಂತಕಾಲದ ಗಾತ್ರಕ್ಕೆ ಬೆಳೆದಿದ್ದವು. ಹೊರಗೆ ಹಿಮ ಬೀಳುತ್ತಿದ್ದರೂ ಆ ಹಕ್ಕಿಗಳ ಒಡಲಿಗೆ ವಸಂತ ಬಂದಾಗಿತ್ತು. 1925ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದಕ್ಕೆ ಐದು ವರ್ಷ ಮೊದಲು, 1920ರಲ್ಲಿ, ಅಮೆರಿಕದ ಕೃಷಿ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಅವರು ತಂಬಾಕಿನ ಒಂದು ತಳಿ ಹಗಲು ಕುಗ್ಗಿದಾಗ ಮಾತ್ರ ಹೂ ಬಿಡುತ್ತದೆ ಎಂದು ತೋರಿಸಿದ್ದರು. ಗಿಡಗಳಲ್ಲಿ ಕಂಡ ಗುಣವೇ ಪ್ರಾಣಿಗಳಲ್ಲಿಯೂ ಇದೆ ಎಂಬುದು ರೋವನ್ ಅವರ ಪ್ರಯೋಗದಿಂದ ಸ್ಪಷ್ಟವಾಯಿತು. ಮುಂದೆ ಆಕ್ಸ್‌ಫರ್ಡಿನ ಜಾನ್ ಬೇಕರ್ ಅವರು 1938ರಲ್ಲಿ ಇದಕ್ಕೊಂದು ಚೌಕಟ್ಟು ಒದಗಿಸಿದರು. ಮರಿಗಳಿಗೆ ಆಹಾರ ದೊರೆಯುವುದು ಅಂತಿಮ ಕಾರಣ. ಅದಕ್ಕಾಗಿ ದೇಹವನ್ನು ಮುಂಚಿತವಾಗಿ ಸಿದ್ಧಗೊಳಿಸುವ ಸೂಚನೆ ಸಮೀಪದ ಕಾರಣ. ಹಗಲಿನ ಉದ್ದ ಯಾವ ಮರಿಯ ಹೊಟ್ಟೆಯನ್ನೂ ತುಂಬುವುದಿಲ್ಲ. ಆದರೆ ಹೊಟ್ಟೆ ತುಂಬುವ ಕಾಲ ಬರುತ್ತಿದೆ ಎಂದು ತಿಂಗಳುಗಳ ಮೊದಲೇ ಸಾರುತ್ತದೆ.

ಅಂಗಾಂಗಗಳ ಈ ಏರಿಳಿತಕ್ಕೂ ಅರ್ಥವಿದೆ. ಋತುವಿಲ್ಲದ ಕಾಲದಲ್ಲಿ ವೃಷಣ, ಅಂಡಾಶಯಗಳನ್ನು ಹೊತ್ತು ಹಾರುವುದು ಹಕ್ಕಿಗೆ ವ್ಯರ್ಥ ಭಾರ. ಆದ್ದರಿಂದ ಅವು ಕುಗ್ಗುತ್ತವೆ; ಸಮಯ ಬಂದಾಗ ಕೆಲವೇ ವಾರಗಳಲ್ಲಿ ನೂರು ಪಟ್ಟಿಗೂ ಹೆಚ್ಚು ಬೆಳೆಯಬಲ್ಲವು.

ಕತ್ತಲೆಯನ್ನು ಅಳೆಯುವ ಗ್ರಂಥಿ

ದೇಹ ಈ ಅಳತೆಯನ್ನು ಎಲ್ಲಿ ಮಾಡುತ್ತದೆ? ಸಸ್ತನಿಗಳಲ್ಲಿ ಉತ್ತರ ಮಿದುಳಿನ ನಡುವೆ ಅಡಗಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಲ್ಲಿದೆ. ಹದಿನೇಳನೆಯ ಶತಮಾನದ ತತ್ವಜ್ಞಾನಿ ಡೆಕಾರ್ಟೆ ಇದನ್ನು ಆತ್ಮದ ನೆಲೆ ಎಂದು ಭಾವಿಸಿದ್ದರು. ಆಮೇಲೆ ಬಹುಕಾಲ ವೈದ್ಯರು ಇದನ್ನು ಕೆಲಸಕ್ಕೆ ಬಾರದ ಅವಶೇಷವೆಂದು ತಳ್ಳಿಹಾಕಿದರು. 1958ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಆರನ್ ಲರ್ನರ್ ಅವರು ಸಾವಿರಾರು ದನಗಳ ಪೀನಿಯಲ್ ಗ್ರಂಥಿಗಳಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿದರು. ಕಪ್ಪೆಯ ಚರ್ಮವನ್ನು ತಿಳಿಗೊಳಿಸುತ್ತಿದ್ದ ಅದಕ್ಕೆ ಮೆಲಟೋನಿನ್ ಎಂದು ಹೆಸರಿಟ್ಟರು. ಅವರು ಹುಡುಕುತ್ತಿದ್ದುದು ಚರ್ಮದ ಬಣ್ಣದ ಗುಟ್ಟನ್ನು. ದೊರೆತದ್ದು ಋತುಗಳ ಗುಟ್ಟು.

1965ರಲ್ಲಿ ಹಾಫ್‌ಮನ್ ಮತ್ತು ರೈಟರ್ ಎಂಬ ವಿಜ್ಞಾನಿಗಳು ಹ್ಯಾಮ್‌ಸ್ಟರ್‌ಗಳ ಮೇಲೆ ಪ್ರಯೋಗ ನಡೆಸಿದರು. ಇಲಿಯನ್ನು ಹೋಲುವ ಈ ಪ್ರಾಣಿಗೆ ದಿನಕ್ಕೆ ಹನ್ನೆರಡೂವರೆ ಗಂಟೆಗಿಂತ ಕಡಿಮೆ ಬೆಳಕು ದೊರೆತರೆ ಅದರ ವೃಷಣಗಳು ಕುಗ್ಗುತ್ತವೆ. ಆದರೆ ಪೀನಿಯಲ್ ಗ್ರಂಥಿಯನ್ನು ತೆಗೆದುಹಾಕಿದ ಹ್ಯಾಮ್‌ಸ್ಟರ್‌ಗಳಲ್ಲಿ ಬೆಳಕು ಎಷ್ಟು ಕುಗ್ಗಿದರೂ ವೃಷಣಗಳು ಕುಗ್ಗಲಿಲ್ಲ. ಹಗಲು ಸಣ್ಣದಾಯಿತು ಎಂದು ದೇಹಕ್ಕೆ ತಿಳಿಸುವ ದೂತ ಸಿಕ್ಕಿಬಿದ್ದಿತ್ತು.

ಇದರ ವ್ಯವಸ್ಥೆ ಹೀಗಿದೆ. ಕಣ್ಣಿನ ಅಕ್ಷಿಪಟಲದಲ್ಲಿ ಬಿದ್ದ ಬೆಳಕಿನ ಸುದ್ದಿ ಮಿದುಳಿನ ಒಳಗಡಿಯಾರಕ್ಕೆ ಮುಟ್ಟುತ್ತದೆ. ಅಲ್ಲಿಂದ ನರಗಳ ಮೂಲಕ ಪೀನಿಯಲ್ ಗ್ರಂಥಿಗೆ ಸೂಚನೆ ಹೋಗುತ್ತದೆ. ಕತ್ತಲಾದ ಮೇಲೆ ಮಾತ್ರ ಈ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ಬೆಳಕು ಬಿದ್ದೊಡನೆ ನಿಲ್ಲಿಸುತ್ತದೆ. ಚಳಿಗಾಲದ ದೀರ್ಘ ರಾತ್ರಿಯಲ್ಲಿ ಮೆಲಟೋನಿನ್ ಹೆಚ್ಚು ಗಂಟೆಗಳ ಕಾಲ ರಕ್ತದಲ್ಲಿರುತ್ತದೆ. ಬೇಸಿಗೆಯ ಕಿರು ರಾತ್ರಿಯಲ್ಲಿ ಅಲ್ಪಕಾಲ. ದೇಹ ಓದುವುದು ಈ ಅವಧಿಯನ್ನು. ನಾವು ಹಗಲಿನ ಉದ್ದ ಎಂದು ಹೇಳಿದರೂ ಪ್ರಾಣಿ ಎಣಿಸುವುದು ಇರುಳಿನ ಗಂಟೆಗಳನ್ನು.

1980ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಎರಿಕ್ ಬಿಟ್‌ಮನ್, ಫ್ರೆಡ್ ಕಾರ್ಷ್ ಮತ್ತು ಸಂಗಡಿಗರು ಇದನ್ನು ಕುರಿಗಳಲ್ಲಿ ಖಚಿತಪಡಿಸಿದರು. ಪೀನಿಯಲ್ ಗ್ರಂಥಿ ತೆಗೆದ ಕುರಿಗಳಿಗೆ ದೀರ್ಘರಾತ್ರಿಯ ಮಾದರಿಯಲ್ಲಿ ಮೆಲಟೋನಿನ್ ಹನಿಸಿದಾಗ, ಕೊಟ್ಟಿಗೆಯಲ್ಲಿ ಬೆಳಕು ಹೇಗೇ ಇರಲಿ, ಅವುಗಳ ಸಂತಾನೋತ್ಪತ್ತಿಯ ಹಾರ್ಮೋನುಗಳು ಚಳಿಗಾಲಕ್ಕೆ ತಕ್ಕಂತೆ ನಡೆದುಕೊಂಡವು. ಕಿರುರಾತ್ರಿಯ ಮಾದರಿಯಲ್ಲಿ ಹನಿಸಿದಾಗ ಬೇಸಿಗೆಗೆ ತಕ್ಕಂತೆ.

ಸಂದೇಶ ಒಂದೇ, ಅರ್ಥ ಎರಡು

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ದೀರ್ಘರಾತ್ರಿ ಹ್ಯಾಮ್‌ಸ್ಟರ್‌ನ ವೃಷಣಗಳನ್ನು ಕುಗ್ಗಿಸುತ್ತದೆ ಎಂದಾದರೆ, ಅದೇ ದೀರ್ಘರಾತ್ರಿ ಕುರಿಯನ್ನು ಬೆದೆಗೆ ತರುವುದು ಹೇಗೆ?

ಉತ್ತರ ಗರ್ಭಾವಧಿಯಲ್ಲಿದೆ. ಸಮಶೀತೋಷ್ಣ ವಲಯದಲ್ಲಿ ಎಲ್ಲ ತಾಯಂದಿರ ಗುರಿಯೂ ಒಂದೇ: ಮರಿ ವಸಂತದಲ್ಲಿ ಹುಟ್ಟಬೇಕು. ಹ್ಯಾಮ್‌ಸ್ಟರ್ ಎರಡು ಮೂರು ವಾರಗಳಲ್ಲಿ ಮರಿ ಹಾಕುತ್ತದೆ. ಅದು ವಸಂತದಲ್ಲಿಯೇ ಕೂಡಿದರೆ ಸಾಕು. ಕುದುರೆಯ ಗರ್ಭಾವಧಿ ಹನ್ನೊಂದು ತಿಂಗಳು. ಅದೂ ಹಗಲು ಬೆಳೆಯುವಾಗಲೇ ಕೂಡಿ ಮರುವರ್ಷದ ವಸಂತದಲ್ಲಿ ಈಯುತ್ತದೆ. ಕುರಿಯದು ಐದು ತಿಂಗಳು. ಅದು ವಸಂತದಿಂದ ಹಿಂದಕ್ಕೆ ಎಣಿಸಿ ಹಗಲು ಕುಗ್ಗುವ ಶರತ್ಕಾಲದಲ್ಲಿ ಕೂಡಬೇಕು. ಮೆಲಟೋನಿನ್ ಸಾರುವ ಸುದ್ದಿ ಮೂರಕ್ಕೂ ಒಂದೇ. ಆ ಸುದ್ದಿ ಕೇಳಿ ಏನು ಮಾಡಬೇಕೆಂಬುದನ್ನು ಪ್ರತಿ ಜಾತಿಯೂ ತನ್ನ ಗರ್ಭಾವಧಿಗೆ ಹೊಂದಿಸಿಕೊಂಡಿದೆ.

ಆಸ್ಟ್ರೇಲಿಯಾದ ಟಮ್ಮರ್ ವಾಲಬಿ ಎಂಬ ಕಿರು ಕಾಂಗರೂ ಇನ್ನೂ ವಿಚಿತ್ರವಾದ ಉಪಾಯ ಕಂಡುಕೊಂಡಿದೆ. ಕೂಡಿದ ಮೇಲೆ ಭ್ರೂಣ ಕೆಲವೇ ಜೀವಕೋಶಗಳ ಚೆಂಡಾಗಿ ಗರ್ಭದಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಡಿಸೆಂಬರ್ 22ರ ಸುಮಾರಿಗೆ, ಅಂದರೆ ಅಲ್ಲಿನ ಅತಿ ದೀರ್ಘ ಹಗಲು ಕಳೆದು ರಾತ್ರಿ ಹಿಗ್ಗತೊಡಗಿದಾಗ, ಮೆಲಟೋನಿನ್ ಆ ಭ್ರೂಣವನ್ನು ಎಬ್ಬಿಸುತ್ತದೆ. ಬಹುತೇಕ ಮರಿಗಳು ಜನವರಿಯ ಕೊನೆಯ ಹೊತ್ತಿಗೆ ಹುಟ್ಟುತ್ತವೆ. ತಾಯಿಯ ಚೀಲದಲ್ಲಿ ಬೆಳೆದು ಹೊರಬರುವ ವೇಳೆಗೆ ಅಲ್ಲಿ ವಸಂತ.

ಹಕ್ಕಿಗಳ ದಾರಿ ಸ್ವಲ್ಪ ಬೇರೆ. 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಅವರು ಬಾತುಕೋಳಿಗಳ ಕಣ್ಣಿಗೆ ಬೆಳಕು ತಾಗದಂತೆ ಮಾಡಿದರೂ ಅವು ಹಗಲಿನ ಉದ್ದಕ್ಕೆ ಸ್ಪಂದಿಸುವುದನ್ನು ಕಂಡರು. ಹಕ್ಕಿಯ ತೆಳುವಾದ ತಲೆಬುರುಡೆಯನ್ನು ಹಾಯ್ದು ಬೆಳಕು ಮಿದುಳನ್ನೇ ಮುಟ್ಟುತ್ತದೆ. ಅಲ್ಲಿ ಬೆಳಕನ್ನು ಗುರುತಿಸುವ ಕೋಶಗಳಿವೆ. ಆದರೆ ಮುಂದಿನ ಹಂತದಲ್ಲಿ ಎರಡು ದಾರಿಗಳೂ ಕೂಡುತ್ತವೆ. 2008ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೋಶಿಮುರಾ ಅವರ ತಂಡ, ಒಂದೇ ಒಂದು ದೀರ್ಘ ದಿನ ಕಳೆಯುವಷ್ಟರಲ್ಲಿ ಪುರುಲೆ ಹಕ್ಕಿಯ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಪ್ರಕಟಿಸಿತು. ಬೆಳಗಾಗಿ ಸುಮಾರು 14 ಗಂಟೆಗಳಾದರೂ ಬೆಳಕು ಇನ್ನೂ ಇದೆ ಎಂದಾದರೆ, ಪಿಟ್ಯುಟರಿ ಗ್ರಂಥಿಯ ತೊಟ್ಟಿನಲ್ಲಿ ಥೈರಾಯ್ಡ್ ಪ್ರಚೋದಕ ಹಾರ್ಮೋನು ಎಚ್ಚರಗೊಳ್ಳುತ್ತದೆ. ಅದು ಮಿದುಳಿನೊಳಗೆ ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸಿ, ಸಂತಾನೋತ್ಪತ್ತಿಯ ಸರಪಳಿಗೆ ಚಾಲನೆ ನೀಡುತ್ತದೆ. ಸಸ್ತನಿಗಳಲ್ಲಿ ಮೆಲಟೋನಿನ್ ತಲುಪುವುದೂ ಇದೇ ತೊಟ್ಟಿಗೆ.

ನಮ್ಮ ನಾಡಿನಲ್ಲಿ

ಇದೆಲ್ಲ ಚಳಿದೇಶಗಳ ಮಾತಾಯಿತು. ಸಮಭಾಜಕಕ್ಕೆ ಹತ್ತಿರವಿರುವ ನಮ್ಮಲ್ಲಿ ಹೇಗೆ? ಬೆಂಗಳೂರಿನಲ್ಲಿ ಡಿಸೆಂಬರಿನ ಅತಿ ಸಣ್ಣ ಹಗಲಿಗೂ ಜೂನ್ ತಿಂಗಳ ಅತಿ ದೀರ್ಘ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಇಷ್ಟು ಚಿಕ್ಕ ವ್ಯತ್ಯಾಸ ಪ್ರಾಣಿಗೆ ತಿಳಿದೀತೆ ಎಂದು ವಿಜ್ಞಾನಿಗಳು ಬಹುಕಾಲ ಶಂಕಿಸಿದ್ದರು. 1998ರಲ್ಲಿ ಪನಾಮಾದ ಮಳೆಕಾಡಿನ ಇರುವೆಹಕ್ಕಿಗಳ ಮೇಲೆ ನಡೆಸಿದ ಅಧ್ಯಯನ ಈ ಶಂಕೆಯನ್ನು ಅಲುಗಾಡಿಸಿತು. ಹಗಲು ಕೇವಲ 17 ನಿಮಿಷ ಹಿಗ್ಗಿದರೂ ಅವುಗಳ ಜನನಾಂಗಗಳು ಬೆಳೆಯತೊಡಗಿದವು.

ಉತ್ತರ ಕರ್ನಾಟಕದ ಹೊಲಗಳಿಗೆ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬರುವ ಕಪ್ಪು ತಲೆಯ ಬಂಟಿಂಗ್ ಹಕ್ಕಿಯೂ ಇಂಥ ಸಂಶೋಧನೆಗೆ ಹೆಸರಾದುದೇ. ಅದು ಮರಿ ಮಾಡುವುದು ಪಶ್ಚಿಮ ಏಷ್ಯಾ ಮತ್ತು ಆಗ್ನೇಯ ಯೂರೋಪಿನಲ್ಲಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆರಂಭಗೊಂಡ ವಿನೋದ್ ಕುಮಾರ್ ಮತ್ತು ಪಿ.ಡಿ. ತಿವಾರಿ ಅವರ ಅಧ್ಯಯನಗಳು, ಈ ಹಕ್ಕಿ ಮೈಯಲ್ಲಿ ಕೊಬ್ಬು ತುಂಬಿಕೊಂಡು ಮರುಪಯಣಕ್ಕೆ ಸಿದ್ಧವಾಗುವುದೂ ಅದರ ಜನನಾಂಗಗಳು ಬೆಳೆಯುವುದೂ ಹಗಲು ಹಿಗ್ಗುವುದರಿಂದಲೇ ಎಂದು ತೋರಿಸಿವೆ. ನಮ್ಮ ಜೋಳದ ಹೊಲದಲ್ಲಿ ಕಾಳು ಹೆಕ್ಕುತ್ತಿರುವಾಗಲೇ ಆ ಹಕ್ಕಿ ಸಾವಿರಾರು ಕಿಲೋಮೀಟರ್ ಆಚೆಯ ವಸಂತಕ್ಕೆ ಅಣಿಯಾಗುತ್ತಿರುತ್ತದೆ.

ಎಮ್ಮೆಯ ವಿಷಯ ಹಾಲು ಕೊಳ್ಳುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು. ಭಾರತದ ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬರುವುದು ಸೆಪ್ಟೆಂಬರಿನಿಂದ ಫೆಬ್ರವರಿಯವರೆಗೆ, ಅಂದರೆ ಹಗಲು ಚಿಕ್ಕದಿರುವ ಕಾಲದಲ್ಲಿ. ಬೇಸಿಗೆಯಲ್ಲಿ ಅನೇಕ ಎಮ್ಮೆಗಳು ಬೆದೆಗೆ ಬರುವುದೇ ಇಲ್ಲ. ಬಂದರೂ ಲಕ್ಷಣ ತೋರದ 'ಮೂಕ ಬೆದೆ'ಯಾಗಿ ಸಾಕಿದವರ ಕಣ್ಣಿಗೆ ಬೀಳದೆ ಹೋಗುತ್ತದೆ. ಗರ್ಭಾವಧಿ ಹತ್ತು ತಿಂಗಳಿಗೂ ಮಿಗಿಲಾದ್ದರಿಂದ ಈಯುವುದು ಹೆಚ್ಚಾಗಿ ಮಳೆಗಾಲದ ನಡುವಿನಿಂದ ವರ್ಷದ ಕೊನೆಯವರೆಗೆ. ಹೀಗಾಗಿ ಬೇಸಿಗೆಯಲ್ಲಿ ಎಮ್ಮೆಹಾಲು ಇಳಿಮುಖವಾಗುತ್ತದೆ. ಇದಕ್ಕೆ ಹಗಲಿನ ಉದ್ದವೊಂದೇ ಕಾರಣವಲ್ಲ. ಬಿಸಿಲಿನ ತಾಪ, ಹಸಿರು ಮೇವಿನ ಕೊರತೆಗಳೂ ಸೇರಿವೆ. ಬನ್ನೂರು, ದಖನಿ ಕುರಿಗಳಾದರೋ ಹಗಲಿನ ಲೆಕ್ಕಕ್ಕೆ ಅಷ್ಟು ಕಟ್ಟುಬಿದ್ದಿಲ್ಲ. ಮೇವು ಚೆನ್ನಾಗಿದ್ದರೆ ವರ್ಷದ ಬಹುಭಾಗ ಬೆದೆಗೆ ಬರಬಲ್ಲವು. ಸಮಭಾಜಕಕ್ಕೆ ಸಮೀಪಿಸಿದಂತೆಲ್ಲ ಮಳೆ ಮತ್ತು ಮೇವಿನ ಮಾತು ಮುಂದಾಗುತ್ತದೆ, ಹಗಲಿನ ಮಾತು ಹಿಂದಾಗುತ್ತದೆ.

ದೀಪ ಹಚ್ಚಿ ವಸಂತ ತರುವವರು

ಈ ಜ್ಞಾನವನ್ನು ಮನುಷ್ಯ ಲಾಭಕ್ಕೂ ಬಳಸಿಕೊಂಡಿದ್ದಾನೆ. ಮೊಟ್ಟೆಕೋಳಿ ಶೆಡ್ಡುಗಳಲ್ಲಿ ನಸುಕಿನಲ್ಲಿಯೂ ಸಂಜೆಯಲ್ಲಿಯೂ ದೀಪ ಉರಿಸಿ ದಿನಕ್ಕೆ ಸುಮಾರು 16 ಗಂಟೆ ಬೆಳಕು ಕೊಡುತ್ತಾರೆ; ಕೋಳಿಗೆ ಅದು ಮುಗಿಯದ ಬೇಸಿಗೆ. ಉತ್ತರಾರ್ಧಗೋಳದ ಬಹುತೇಕ ದೇಶಗಳಲ್ಲಿ ರೇಸ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವುದು ವಾಡಿಕೆ. ಜನವರಿಯಲ್ಲಿ ಹುಟ್ಟಿದ ಮರಿಗೂ ಮೇ ತಿಂಗಳಲ್ಲಿ ಹುಟ್ಟಿದ ಮರಿಗೂ ಓಟದ ಲೆಕ್ಕದಲ್ಲಿ ಒಂದೇ ವಯಸ್ಸು. ಹಾಗಾಗಿ ಅಲ್ಲಿನ ಕುದುರೆ ಸಾಕಣೆದಾರರು ಡಿಸೆಂಬರಿನಲ್ಲಿಯೇ ಲಾಯಗಳಲ್ಲಿ ದೀಪ ಹಚ್ಚಿ ಹೆಣ್ಣು ಕುದುರೆಗಳನ್ನು ಬೇಗ ಬೆದೆಗೆ ತರುತ್ತಾರೆ. ಕುರಿಗೆ ದೀಪದಿಂದ ಪ್ರಯೋಜನವಿಲ್ಲ, ಅದಕ್ಕೆ ಬೇಕಾದುದು ಕತ್ತಲೆ. ಆಸ್ಟ್ರೇಲಿಯಾ ಹಾಗೂ ಯೂರೋಪಿನಲ್ಲಿ ಕುರಿಯ ಚರ್ಮದಡಿ ಮೆಲಟೋನಿನ್ ಗುಳಿಗೆ ಇಟ್ಟು ಬೆದೆಯನ್ನು ಮುಂಚಿತವಾಗಿ ಬರಿಸುವ ಪದ್ಧತಿಯಿದೆ. ಬೇಸಿಗೆಯಲ್ಲಿ ಬೆದೆಗೆ ಬಾರದ ಎಮ್ಮೆಗಳಿಗೂ ಭಾರತದಲ್ಲಿ ಇಂಥ ಗುಳಿಗೆಯನ್ನು ಪ್ರಯೋಗಿಸಿ ನೋಡಲಾಗಿದೆ.

ಬೇಡದ ದೀಪ, ತಪ್ಪಿದ ಲೆಕ್ಕ

ಆದರೆ ಹಗಲಿನ ಪಂಚಾಂಗಕ್ಕೆ ಒಂದು ದೌರ್ಬಲ್ಯವಿದೆ. ಅದು ಸೂರ್ಯನ ಲೆಕ್ಕವನ್ನು ಹೇಳುತ್ತದೆಯೇ ಹೊರತು ಹುಲ್ಲಿನ, ಹುಳುವಿನ ಲೆಕ್ಕವನ್ನಲ್ಲ. ಇವೆರಡೂ ಜೊತೆಯಾಗಿ ಸಾಗುತ್ತಿದ್ದಾಗ ತೊಂದರೆ ಇರಲಿಲ್ಲ. ಈಗ ತಾಪ ಏರಿ ವಸಂತ ಬೇಗ ಬರುತ್ತಿದೆ. ಹಗಲು ಮಾತ್ರ ಹಿಂದಿನಂತೆಯೇ ಇದೆ.

ಇದರ ಪರಿಣಾಮ ನೆದರ್‌ಲೆಂಡ್ಸ್‌ನಲ್ಲಿ ಎದ್ದು ಕಂಡಿದೆ. ಪೈಡ್ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಹಕ್ಕಿ ಚಳಿಗಾಲವನ್ನು ಪಶ್ಚಿಮ ಆಫ್ರಿಕಾದಲ್ಲಿ ಕಳೆದು ವಸಂತದಲ್ಲಿ ಮರಿ ಮಾಡಲು ಅಲ್ಲಿಗೆ ಬರುತ್ತದೆ. ಹೊರಡುವ ಸಮಯವನ್ನು ನಿರ್ಧರಿಸುವಲ್ಲಿ ಅದು ನೆಚ್ಚಿರುವುದು ಹಗಲಿನ ಉದ್ದವನ್ನು. ಆಫ್ರಿಕಾದಲ್ಲಿ ಕುಳಿತ ಹಕ್ಕಿಗೆ ಯೂರೋಪಿನ ಓಕ್ ಮರಗಳು ಬೇಗ ಚಿಗುರಿವೆ, ಕಂಬಳಿಹುಳುಗಳು ಬೇಗ ಹುಟ್ಟಿವೆ ಎಂಬ ಸುದ್ದಿ ಮುಟ್ಟುವ ದಾರಿಯಿಲ್ಲ. ಹಕ್ಕಿ ಬಂದು ಗೂಡು ಕಟ್ಟಿ ಮರಿ ಮಾಡುವ ವೇಳೆಗೆ ಹುಳುಗಳ ಸುಗ್ಗಿ ಮುಗಿಯುತ್ತ ಬಂದಿರುತ್ತದೆ. ಕ್ರಿಸ್ಟಿಯಾನ್ ಬೋತ್, ಮಾರ್ಸೆಲ್ ವಿಸ್ಸರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹುಳುಗಳು ಅತಿ ಬೇಗ ಹುಟ್ಟುವ ಕಾಡುಗಳಲ್ಲಿ ಈ ಹಕ್ಕಿಯ ಸಂಖ್ಯೆ ಎರಡು ದಶಕಗಳಲ್ಲಿ ಶೇ. 90ರಷ್ಟು ಕುಸಿದಿತ್ತು. ಹಕ್ಕಿಯ ಗಡಿಯಾರ ಕೆಟ್ಟಿರಲಿಲ್ಲ. ಅದು ಸರಿಯಾಗಿಯೇ ಇತ್ತು. ಬದಲಾದದ್ದು ಊಟದ ಹೊತ್ತು.

ಎರಡನೆಯ ತೊಂದರೆ ಇನ್ನೂ ನೇರವಾದುದು. ರಾತ್ರಿಯನ್ನು ಎಣಿಸುವ ಪ್ರಾಣಿಯ ಎದುರು ನಾವು ರಾತ್ರಿಯನ್ನೇ ಅಳಿಸಿದ್ದೇವೆ. ಜರ್ಮನಿಯ ವಿಜ್ಞಾನಿಗಳು ಮ್ಯೂನಿಕ್ ನಗರದ ಮತ್ತು ಕಾಡಿನ ಬ್ಲ್ಯಾಕ್‌ಬರ್ಡ್ ಹಕ್ಕಿಗಳನ್ನು ಹಿಡಿದು ರಾತ್ರಿಯಿಡೀ 0.3 ಲಕ್ಸ್‌ನಷ್ಟು ಮಂದ ಬೆಳಕಿನಲ್ಲಿ ಇಟ್ಟರು. ಬೀದಿದೀಪದ ಅಡಿಯಲ್ಲಿ ಬೀಳುವ ಬೆಳಕಿಗೆ ಹೋಲಿಸಿದರೆ ಇದು ಅತ್ಯಲ್ಪ. ಹೆಚ್ಚೆಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟು. ಆದರೂ ಆ ಹಕ್ಕಿಗಳ ಜನನಾಂಗಗಳು ಕತ್ತಲೆಯಲ್ಲಿ ಮಲಗಿದ ಹಕ್ಕಿಗಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಬೆಳೆದವು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ, ಎಡ್ಮಂಟನ್ನಿನಲ್ಲಿ ರೋವನ್ ಉದ್ದೇಶಪೂರ್ವಕವಾಗಿ ಮಾಡಿದ್ದನ್ನು ನಗರಗಳು ಅರಿವಿಲ್ಲದೆ ಮಾಡುತ್ತಿವೆ ಎಂಬುದನ್ನು ತೋರಿಸುತ್ತದೆ.

ಮೇಲೆ ಹೇಳಿದ ಟಮ್ಮರ್ ವಾಲಬಿಯ ಸ್ಥಿತಿಯೂ ಇದೇ. ಪಶ್ಚಿಮ ಆಸ್ಟ್ರೇಲಿಯಾದ ಗಾರ್ಡನ್ ದ್ವೀಪದಲ್ಲಿ ಒಂದು ಕಡೆ ನೌಕಾನೆಲೆಯ ದೀಪಗಳು, ಇನ್ನೊಂದು ಕಡೆ ಕತ್ತಲೆಯ ಕುರುಚಲು ಕಾಡು. ವಾಲಬಿಗಳು ಎರಡೂ ಕಡೆ ಇವೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀಪಗಳ ನಡುವೆ ಬದುಕುವ ವಾಲಬಿಗಳ ದೇಹದಲ್ಲಿ ಮೆಲಟೋನಿನ್ ಕಡಿಮೆಯಾಗಿದ್ದುದು ಕಂಡುಬಂತು. ರಾತ್ರಿ ಹಿಗ್ಗತೊಡಗಿದ ಸುದ್ದಿ ನಿದ್ರಿಸುತ್ತಿದ್ದ ಭ್ರೂಣಕ್ಕೆ ತಡವಾಗಿ ತಲುಪಿ, ಮರಿಗಳು ಒಂದು ತಿಂಗಳು ತಡವಾಗಿ ಹುಟ್ಟಿದ್ದವು. ಹಕ್ಕಿಗೆ ಒಂದು ತಿಂಗಳು ಮುಂಚೆ, ವಾಲಬಿಗೆ ಒಂದು ತಿಂಗಳು ತಡ. ಎರಡೂ ಒಂದೇ ತಪ್ಪಿನ ಫಲ.

ಭೂಮಿಯ ತಾಪವನ್ನು ಇಳಿಸುವುದು ದೇಶ ದೇಶಗಳು ಕೂಡಿ ಮಾಡಬೇಕಾದ, ದಶಕಗಳು ಹಿಡಿಯುವ ಕಾರ್ಯ. ಆದರೆ ದೀಪದ ಮಾತು ಹಾಗಲ್ಲ. ಅದು ಗುಂಡಿ ಒತ್ತಿದ ರಾತ್ರಿಯೇ ಸರಿಹೋಗುವ ತೊಂದರೆ. ಬೀದಿದೀಪಗಳಿಗೆ ಮರೆ ಹಾಕಿ ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡುವುದು, ಕಣ್ಣು ಕುಕ್ಕುವ ನೀಲಿ ಮಿಶ್ರಿತ ಬಿಳಿ ದೀಪಗಳ ಬದಲು ಹಳದಿ ಛಾಯೆಯವನ್ನು ಬಳಸುವುದು, ಕೆರೆಯಂಗಳ ಹಾಗೂ ಉದ್ಯಾನಗಳ ಅಲಂಕಾರದ ದೀಪಗಳನ್ನು ಜನಸಂಚಾರ ಮುಗಿದ ಮೇಲೆ ಆರಿಸುವುದು ಯಾವ ನಗರಸಭೆಯ ಕೈಗೂ ಎಟುಕದ ಕೆಲಸಗಳಲ್ಲ. ಮನೆಯ ಮುಂದಿನ ಮರವನ್ನು ರಾತ್ರಿಯಿಡೀ ಬೆಳಗುವ ದೀಪವನ್ನು ಮಲಗುವ ಮುನ್ನ ಆರಿಸುವುದಕ್ಕಂತೂ ಯಾರ ಆದೇಶವೂ ಬೇಕಿಲ್ಲ. ಆ ಮರದಲ್ಲಿ ಮಲಗಿರುವ ಹಕ್ಕಿ ಇರುಳಿನ ಗಂಟೆಗಳನ್ನು ಎಣಿಸುತ್ತಿರುತ್ತದೆ. ಆ ಎಣಿಕೆಯ ಮೇಲೆ ಅದರ ಮರಿಗಳ ಬದುಕು ನಿಂತಿದೆ.